ತಾಗಿದವರು ಬೀಳಬೇಕು

ತುಮಕೂರಿನಿಂದ ನಾನು ಹೊರಟದ್ದು ಸಂಕ್ರಾಂತಿ ಕಳೆದ ಮೇಲಿನ ಒಂದು ಗುರುವಾರ ಬೆಳಿಗ್ಗೆ. ಬೆನ್ನಿಗೆ ಒಂದು ಚೀಲ, ಹೆಗಲ ಮೇಲೆ ಹಳೆಯ ಜಮಖಾನದಲ್ಲಿ ಸುತ್ತಿದ ಆರು ಬಿದಿರಿನ ಕೋಲು. ರೈಲಿನ ಸಾಮಾನ್ಯ ಬೋಗಿಯಲ್ಲಿ ಆ ಕಟ್ಟನ್ನು ಸೀಟಿನ ಕೆಳಗೆ ತುರುಕುವಷ್ಟರಲ್ಲಿ ಮೂವರ ಕಾಲಿಗೆ ತಗುಲಿಸಿ ಮೂವರಿಂದಲೂ ಬೈಸಿಕೊಂಡೆ. ಎದುರಿಗೆ ಕುಳಿತಿದ್ದ ಹಿರಿಯರೊಬ್ಬರು ಪೆಂಡಾಲಿನ ಗಳುವೇ ಎಂದು ಕೇಳಿದರು. ಅಲ್ಲ, ಜಗಳಕ್ಕೆ ಎಂದೆ. ಅರಸೀಕೆರೆ ದಾಟುವವರೆಗೂ ಅವರು ಮತ್ತೆ ನನ್ನನ್ನು ಮಾತಾಡಿಸಲಿಲ್ಲ.

ನಾನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ಮಕ್ಕಳಿಗೆ ಆಟ ಆಡಿಸಿದವಳು ನಾನು. ಕೋಲುವರಸೆ ಕಲಿತದ್ದು ನಲವತ್ತು ದಾಟಿದ ಮೇಲೆ, ಈ ವಯಸ್ಸಿನಲ್ಲಿ ನಿನಗೇಕೆ ಎಂದವರ ಮೇಲಿನ ಸಿಟ್ಟಿಗೆ. ಕೋಟೆಗಳಲ್ಲಿ, ಉತ್ಸವಗಳಲ್ಲಿ ಹಳೆಯ ಕಾಳಗಗಳನ್ನು ಮತ್ತೆ ಆಡಿ ತೋರಿಸುತ್ತಾರಲ್ಲ, ಅಲ್ಲಿಗೆಲ್ಲ ಹೋಗಿದ್ದೇನೆ. ಹೋದಲ್ಲೆಲ್ಲ ಒಂದೇ ಕಥೆ. ಕೋಲು ಹಿಡಿದು ಹೋದವಳ ಕೈಗೆ ಆರತಿ ತಟ್ಟೆ ಕೊಡುತ್ತಾರೆ. ಒಂದು ಕಡೆ ರಾಣಿಯ ಹಿಂದೆ ನಿಂತು ಚಾಮರ ಬೀಸಿ ಎಂದರು. ಚಾಮರವನ್ನು ಹೇಳಿದವನ ಕೈಗೇ ಕೊಟ್ಟು ಬಸ್ಸು ಹತ್ತಿದ್ದೆ.

ಆದ್ದರಿಂದ ಹಾವೇರಿಯಿಂದ ಹಸೀನಾ ಫೋನು ಮಾಡಿ ಕರೆದಾಗ ಮೊದಲು ಕೇಳಿದ್ದೇ ತಟ್ಟೆಯ ಸಮಾಚಾರ. ಹಸೀನಾ ಹೋದ ವರ್ಷ ದಾವಣಗೆರೆಯ ಶಿಬಿರವೊಂದರಲ್ಲಿ ಸಿಕ್ಕ ಗೆಳತಿ. ಮೂವತ್ತಾರು ವರ್ಷ, ಹಾವೇರಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ಅವಳು ಹೇಳಿದ್ದು ಇಷ್ಟು. ರಾಣೆಬೆನ್ನೂರಿನ ಹತ್ತಿರ ಹಲಗೇರಿಯ ಹೊರಗೆ ಒಂದು ವೀರಗಲ್ಲು ಇದೆ. ಊರ ದನ ಹೊಡೆದುಕೊಂಡು ಹೋಗಲು ಬಂದವರೊಡನೆ ಕಾದಾಡಿ, ದನ ಬಿಡಿಸಿ, ಪ್ರಾಣ ಬಿಟ್ಟವನ ಕಲ್ಲು. ಸುಗ್ಗಿ ಮುಗಿದ ಮೇಲೆ ಒಂದು ಭಾನುವಾರ ಆ ಕಲ್ಲಿನ ಮುಂದಿನ ಬಯಲಲ್ಲಿ ಆ ತುರುಗಾಳಗವನ್ನು ಮತ್ತೆ ಆಡುತ್ತಾರೆ. ಇತಿಹಾಸ ಪಾಠ ಮಾಡಿ ನಿವೃತ್ತರಾದ ಮೇಷ್ಟ್ರೊಬ್ಬರು ಆಡಿಸುತ್ತಾರೆ. ಗಂಡಸರು ಹೊಡೆದಾಡುತ್ತಾರೆ. ಕೊನೆಗೆ ವೀರ ಬೀಳುತ್ತಾನೆ. ಕಲ್ಲಿನ ನಡುವಿನ ಪಟ್ಟಿಯಲ್ಲಿ ಕೆತ್ತಿರುವ ಹಾಗೆಯೇ ಇಬ್ಬರು ದೇವಕನ್ಯೆಯರು ಬಂದು, ಏಲಕ್ಕಿ ಮಾಲೆ ಹಾಕಿ, ಅವನನ್ನು ಎತ್ತಿಕೊಂಡು ಸ್ವರ್ಗಕ್ಕೆ ಹೋಗುತ್ತಾರೆ. ಹಸೀನಾ ನಾಲ್ಕು ವರ್ಷ ಈ ದೇವಕನ್ಯೆಯ ಕೆಲಸ ಮಾಡಿದ್ದಳು.

"ಎಂಬತ್ತು ಕಿಲೋ ಗಣಮಗನ್ನ ಎತ್ತಿ ಎತ್ತಿ ನಡಾ ಹೋಗೇತ್ರಿ ಅಕ್ಕಾರ," ಎಂದಳು. ಆ ಕಡೆ ಶಾಲೆಯ ಟೀಚರಿಗೆ ಅಕ್ಕಾರ ಎನ್ನುತ್ತಾರೆ. "ಈ ವರ್ಷ ನಾವ ಹೊಡಿಯಾಕ ನಿಂತೇವಿ. ನೀವು ಬಂದು ತಿದ್ದಬೇಕು."

ದನ ಕಾಯುವ ಪಕ್ಷದ ಗಂಡಸರೆಲ್ಲ ಈ ಸಲ ಬರಲಾಗದು ಎಂದಿದ್ದರಂತೆ. ಬೇರೆ ದಾರಿಯಿಲ್ಲದೆ ಮೇಷ್ಟ್ರು ಆ ಪಕ್ಷಕ್ಕೆ ಎಂಟು ಹೆಂಗಸರನ್ನು ಒಪ್ಪಿಕೊಂಡಿದ್ದರು. ಒಪ್ಪಿದವರು ಒಂದು ಕರಾರನ್ನೂ ಹಾಕಿದ್ದರು. ತಾಲೀಮಿನಲ್ಲಿ ಗೊಂದಲವಾದರೆ ಹೆಂಗಸರು ಮತ್ತೆ ಮಾಲೆ ಹಿಡಿದು ನಿಲ್ಲಬೇಕು. ಇದನ್ನು ಕೇಳಿದ ಮೇಲೆ ನಾನು ಮನೆಯಲ್ಲಿ ಕೂರುವುದುಂಟೇ?

ಹಾವೇರಿಯಲ್ಲಿ ಇಳಿದಾಗ ಮಧ್ಯಾಹ್ನ ಒಂದೂವರೆ. ಬಿಸಿಲು ಚುರುಕಾಗಿತ್ತು, ಗಾಳಿ ಮಾತ್ರ ತಣ್ಣಗಿತ್ತು. ಹಸೀನಾ ಸ್ಟೇಷನ್ನಿಗೇ ಬಂದಿದ್ದಳು. ದಾರಿಯಲ್ಲಿ ಒಂದು ಅಂಗಡಿಯಲ್ಲಿ ನಿಲ್ಲಿಸಿ ಭಾನುವಾರದ ಏಲಕ್ಕಿ ಮಾಲೆ ತೆಗೆದುಕೊಂಡಳು. ಹಸಿರು ಏಲಕ್ಕಿಯನ್ನು ಸಾಲುಸಾಲಾಗಿ ಪೋಣಿಸಿ, ನಡುನಡುವೆ ಬಂಗಾರದ ಬಣ್ಣದ ಜರಿ ಹಾಕಿದ ಮಾಲೆ. ಈ ಸಲ ಯಾರ ಕೊರಳಿಗೆ ಎಂದು ಕೇಳಿದೆ. ಈ ಸಲ ಬೀಳುವ ವೀರನ ಪಾತ್ರ ತನ್ನದೇ, ತನ್ನ ಮಾಲೆಯನ್ನು ತಾನೇ ಆರಿಸಿದರೆ ತಪ್ಪೇನು ಎಂದು ನಕ್ಕಳು. ಬಸ್ಸಿನಲ್ಲಿ, ಮನೆಯಲ್ಲಿ, ನಾಲ್ಕು ದಿನವೂ ಆ ಪೊಟ್ಟಣದ ಘಮ ನಮ್ಮ ಜೊತೆಗಿತ್ತು.

ಅಂಗಡಿಯ ಹಿಂದೆಯೇ ಮನೆ. ಜೋಳದ ರೊಟ್ಟಿ, ಎಣ್ಣೆ ಬದನೆಕಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ನಾಲ್ಕನೆಯ ರೊಟ್ಟಿಗೆ ನಾನು ಕೈ ಅಡ್ಡ ಹಿಡಿದರೆ, ಕೋಲು ತಡೆಯುವವರು ರೊಟ್ಟಿ ತಡೆಯಬಾರದು ಎಂದು ಹಾಕಿಯೇ ಬಿಟ್ಟಳು. ಊಟವಾಗುವಾಗ ಅವಳ ತಂದೆ ಒಳಗೆ ಬಂದರು. ಉಸ್ತಾದ್ ಇಮಾಮಸಾಬರು. ಎಪ್ಪತ್ತು ದಾಟಿದ ನೀಳ ಮೈ, ಬಿಳಿ ಗಡ್ಡ. ಮೂವತ್ತು ವರ್ಷ ಗರಡಿ ನಡೆಸಿ, ಸುತ್ತಲ ಹಳ್ಳಿಗಳ ಪೈಲ್ವಾನರನ್ನು ತಯಾರು ಮಾಡಿದವರು. ತುರುಗಾಳಗಕ್ಕೆ ಪಂಚರೂ ಅವರೇ. ಆಟದ ನಿಯಮ ಒಂದೇ. ಕೋಲಿನ ತುದಿಗೆ ಬಟ್ಟೆಯ ಉಂಡೆ ಕಟ್ಟಿರುತ್ತಾರೆ. ಕುತ್ತಿಗೆಯ ಕೆಳಗೆ, ಮೊಣಕಾಲಿನ ಮೇಲೆ ಎಲ್ಲಿ ತಾಗಿದರೂ ಬೀಳಬೇಕು, ಬಿದ್ದವರು ಏಳಬಾರದು. ಚಕ್ಕಡಿ ಗಾಡಿಯ ಮೇಲೆ ಕುಳಿತ ಉಸ್ತಾದರು "ತಾಗೇತಿ" ಎಂದು ಕೂಗಿದರೆ ಅದೇ ತೀರ್ಮಾನ, ಎದುರು ಮಾತಿಲ್ಲ.

ಹಸೀನಾಗೆ ಕೋಲು ಹಿಡಿಯಲು ಕಲಿಸಿದ್ದು ಈ ತಂದೆಯೇ. ಕಲಿಸಿದ್ದು ಮನೆಯ ಹಿತ್ತಲಿನಲ್ಲಿ. ಅವಳಿಗೆ ಹದಿನೈದಾದಾಗ ಕೋಲನ್ನು ಕಸಿದು ಅಟ್ಟಕ್ಕೆ ಹಾಕಿದ್ದೂ ಅವರೇ. ಗರಡಿಯ ಶಿಷ್ಯರನ್ನು ಊರೆಲ್ಲ "ನನ್ನ ಪಟ್ಟೇದವರು" ಎಂದು ತೋರಿಸುತ್ತಿದ್ದ ಮನುಷ್ಯ, ಮಗಳಿಗೂ ಬರುತ್ತದೆ ಎಂದು ಒಬ್ಬರಿಗೂ ಹೇಳಿರಲಿಲ್ಲ. ಅವಳೇ ಮದುವೆಯಾಗಿ, ಎರಡು ಮಕ್ಕಳಾದ ಮೇಲೆ ಅಟ್ಟ ಹತ್ತಿ ಅದನ್ನು ಇಳಿಸಿಕೊಂಡಳು. ತನಗೆ ಬೇಕಾದ್ದು ಒಂದೇ ಒಂದು ಎಂದು ಅವತ್ತು ಸಂಜೆ ನನಗೆ ಹೇಳಿದಳು. ಭಾನುವಾರ ಊರ ಮುಂದೆ ತಾನು ಹೊಡೆಯಬೇಕು, ತನ್ನ ಅಬ್ಬಾ ಚಕ್ಕಡಿಯ ಮೇಲೆ ಎದ್ದು ನಿಂತು "ತಾಗೇತಿ" ಎನ್ನಬೇಕು. ಅಷ್ಟರಲ್ಲಿ ಉಸ್ತಾದರು ಅಂಗಡಿಗೆ ಬಂದು, ಮಿಶಿನ್ನಿನ ಮುಂದೆ ಬಗ್ಗಿ, ಮಗಳ ಸೂಜಿಗೆ ದಾರ ಪೋಣಿಸಿಕೊಟ್ಟು ಹೋದರು. ಅವರಿಗೆ ಕಣ್ಣಿನ ಆಪರೇಶನ್ ಆಗಿ ನೋಟ ಚುರುಕಾದ ಮೇಲೆ ದಿನಾ ಅದು ಅವರದೇ ಕೆಲಸವಂತೆ. ಒಂದೇ ಸಲಕ್ಕೆ ಪೋಣಿಸಿದರು.

ಶುಕ್ರವಾರ ಬೆಳಿಗ್ಗೆ ರಾಣೆಬೆನ್ನೂರಿಗೆ ಬಸ್ಸು. ಮೂವತ್ತೈದು ಕಿಲೋಮೀಟರು, ಹೆದ್ದಾರಿಯಲ್ಲಿ ಮುಕ್ಕಾಲು ಗಂಟೆ. ನಾವು ಆಧಾರ್ ತೋರಿಸಿದೆವು, ಕಂಡಕ್ಟರ್ ಶೂನ್ಯ ಟಿಕೆಟ್ ಹರಿದುಕೊಟ್ಟ. ಕೊಟ್ಟು, ನನ್ನ ಕೋಲಿನ ಕಟ್ಟನ್ನು ನೋಡಿದ. "ಹೆಣಮಕ್ಕಳಿಗೆ ಟಿಕೆಟ್ ಇಲ್ರಿ, ಕೋಲಿಗೆ ಐತಿ," ಎಂದು ಲಗೇಜಿನ ಚೀಟಿ ಹರಿದ. ಹಾಗಾದರೆ ಈ ಬಸ್ಸಿನಲ್ಲಿ ನಮಗಿಂತ ಕೋಲಿಗೇ ಬೆಲೆ ಎಂದು ಹಸೀನಾ ಹೇಳಿದಾಗ ಹಿಂದಿನ ಸೀಟಿನ ಅಜ್ಜಿ ಕೂಡ ನಕ್ಕಳು.

ತಾಲೀಮು ಊರ ಹೊರಗಿನ ಬಯಲಲ್ಲಿ. ಎಂಟು ಹೆಂಗಸರೂ ಬಂದಿದ್ದರು, ಸೀರೆಯನ್ನು ಕಚ್ಚೆ ಕಟ್ಟಿದವರು ಐವರು, ಚೂಡಿದಾರದವರು ಮೂವರು. ಅವರಲ್ಲಿ ಎಲ್ಲರಿಗಿಂತ ಹಿರಿಯಳು ಬ್ಯಾಡಗಿಯ ರೇಣುಕವ್ವ. ಮೆಣಸಿನಕಾಯಿ ಅಂಗಳದಲ್ಲಿ ತೊಟ್ಟು ಬಿಡಿಸುವ ಕೆಲಸ. ಗಿಡ್ಡ ಆಳು, ಮಾತು ಕಡಿಮೆ, ಏಟು ಎಲ್ಲಿಂದ ಬಂತೆಂದು ತಿಳಿಯುವುದಿಲ್ಲ. ಎದುರು ಪಕ್ಷದಲ್ಲಿ ಹನ್ನೆರಡು ಗಂಡಸರು. ಅವರ ನಾಯಕ ಕರ್ಜಗಿಯ ಫಕ್ಕೀರಪ್ಪ, ಉಸ್ತಾದರ ಗರಡಿಯಲ್ಲೇ ಬೆಳೆದ ಪೈಲ್ವಾನ. ಈಗ ಹೊಲ ನೋಡಿಕೊಂಡಿದ್ದಾನೆ. ಬಾಗಿಲಷ್ಟು ಅಗಲದ ಮನುಷ್ಯ, ಮಾತು ಮಾತ್ರ ಬಹಳ ಮೆತ್ತಗೆ.

ಮೇಷ್ಟ್ರು ಸೀಟಿ ಊದಿದರು. ಎರಡೇ ನಿಮಿಷದಲ್ಲಿ ನನಗೆ ರೋಗ ತಿಳಿಯಿತು. ಗಂಡಸರ ಕೋಲು ತಾಗಿದ ಕೂಡಲೆ ನಮ್ಮವರು ನಿಯಮದಂತೆ ಬೀಳುತ್ತಿದ್ದರು. ನಮ್ಮವರ ಕೋಲು ತಾಗಿದರೆ ಗಂಡಸರು ಬೀಳುತ್ತಿರಲಿಲ್ಲ. ಒಬ್ಬ ಗಾಳಿ ಬಡಿದ ಹಾಗೆ ಭುಜ ಕೊಡವಿಕೊಂಡ. ಇನ್ನೊಬ್ಬ ಅಂಗಿಗೆ ತಾಗಿತು, ಮೈಗೆ ತಾಗಲಿಲ್ಲ ಎಂದ. ಹಸೀನಾ ಫಕ್ಕೀರಪ್ಪನ ಪಕ್ಕೆಗೆ ಕೊಟ್ಟ ಏಟಿನ ಸದ್ದು ನನಗೆ ಇಪ್ಪತ್ತು ಹೆಜ್ಜೆ ದೂರಕ್ಕೆ ಕೇಳಿತು. ಅವನು ನಿಂತೇ ಇದ್ದ. ಎಲ್ಲರೂ ಉಸ್ತಾದರ ಕಡೆ ನೋಡಿದರು. ಅವರು ಗಡ್ಡ ಸವರಿಕೊಂಡು, "ನನಗ ಕಾಣಲಿಲ್ಲ," ಎಂದರು.

ನಾನು ಮೈದಾನದ ನಡುವೆ ಹೋಗಿ ಕೂಗಾಡಿದೆ. ಇಪ್ಪತ್ತೆಂಟು ವರ್ಷದ ಶಾಲೆಯ ಗಂಟಲು, ಅದಕ್ಕೆ ಮೈಕು ಬೇಕಿಲ್ಲ. ಹೆಂಗಸಿನ ಏಟಿಗೆ ಬಿದ್ದರೆ ಮಾನ ಹೋಗುತ್ತದೆ ಎಂದು ನೇರವಾಗಿ ಹೇಳಿ, ತಾಗಲಿಲ್ಲ ಎಂದು ಸುಳ್ಳು ಹೇಳಬೇಡಿ ಎಂದೆ. ಗಂಡಸರು ನೆಲ ನೋಡಿದರು. ಫಕ್ಕೀರಪ್ಪ ಒಬ್ಬನೇ ಮುಖ ಎತ್ತಿ ಉತ್ತರ ಕೊಟ್ಟ.

"ತಾಗಿದ್ರ ಬೀಳ್ತೇನ್ರಿ ಅಕ್ಕಾರ. ಉಸ್ತಾದರ ಕಾಣಲಿಲ್ಲ ಅಂದಮ್ಯಾಲ ನಾ ಹ್ಯಾಂಗ ಬೀಳಲಿ?"

ಮೇಷ್ಟ್ರು ಕೆಟ್ಟವರಲ್ಲ, ಜಗಳಕ್ಕೆ ಹೆದರುವವರು. ಭಾನುವಾರ ಸಾವಿರ ಜನರ ಮುಂದೆ ಹೀಗೆ ತಾಗಿತು, ತಾಗಲಿಲ್ಲ ಎಂದು ನಿಂತರೆ ಆಟ ಕೆಡುತ್ತದೆ, ಅದರ ಬದಲು ಹಿಂದಿನ ವರ್ಷದ ಹಾಗೆಯೇ ಮಾಡಿಬಿಡೋಣ ಎಂದರು. ಜುಮ್ಮಾ ನಮಾಜಿಗೆ ಹೊತ್ತಾಯಿತೆಂದು ಉಸ್ತಾದರು ಎದ್ದು ಹೋದರು. ಹಸೀನಾ ಅವರು ಹೋದ ದಾರಿಯನ್ನೇ ನೋಡುತ್ತ, "ಸೂಜಿ ಕಣ್ಣು ಕಾಣತೈತಿ, ನನ್ನ ಏಟು ಕಾಣಂಗಿಲ್ಲ," ಎಂದಳು. ಅವಳು ಅಳಲಿಲ್ಲ, ನನಗೇ ಅಳು ಬಂತು. ಮೇಷ್ಟ್ರನ್ನು ಶನಿವಾರ ರಾತ್ರಿಯವರೆಗೆ ಕಾಯಲು ಒಪ್ಪಿಸಿದ್ದಷ್ಟೇ ಅವತ್ತಿನ ನನ್ನ ಸಾಧನೆ.

ಇನ್ನೊಂದು ಸಂಗತಿಯನ್ನು ನುಂಗಿಬಿಡಬಹುದಿತ್ತು, ಆದರೆ ಬರೆಯುತ್ತೇನೆ. ಗಂಡಸರು ಹೋದ ಮೇಲೆ ನಾವೇ ಒಂದು ಸುತ್ತು ಆಡಿದೆವು. ದನ ಕದಿಯುವವಳು ನಾನು. ರೇಣುಕವ್ವನ ಕೋಲು ನನ್ನ ತೊಡೆಯ ಬದಿಯನ್ನು ಸವರಿಕೊಂಡು ಹೋಯಿತು. ನಾನು "ತಾಗಲಿಲ್ಲ, ಮುಂದೆ," ಎಂದೆ. ಯೋಚಿಸಿ ಹೇಳಿದ್ದಲ್ಲ, ಬಾಯಿಂದ ತಾನಾಗಿ ಬಂತು. ರೇಣುಕವ್ವ ನನ್ನನ್ನು ಒಂದು ಕ್ಷಣ ನೋಡಿ ಮತ್ತೆ ಕೋಲು ಎತ್ತಿದಳು.

ಶನಿವಾರ ಅವಳು ನಮ್ಮನ್ನು ಬ್ಯಾಡಗಿಗೆ ಕರೆದಿದ್ದಳು. ಕಾರಣ ಹೇಳಿರಲಿಲ್ಲ. ಬಸ್ಸು ಊರನ್ನು ಮುಟ್ಟುವ ಮೊದಲೇ ಮೂಗಿಗೆ ಊರು ತಿಳಿಯಿತು, ನಾನು ಇಳಿಯುವಷ್ಟರಲ್ಲಿ ಏಳು ಸೀನು ಸೀನಿದ್ದೆ. ಅಂಗಳಗಳ ತುಂಬ ಮೆಣಸಿನಕಾಯಿಯ ಕೆಂಪು ರಾಶಿ, ಅವುಗಳ ನಡುವೆ ಸಾಲಾಗಿ ಕುಳಿತ ಹೆಂಗಸರು. ತಲೆಗೆ, ಮೂಗಿಗೆ ಬಟ್ಟೆ, ಬೆರಳುಗಳು ಮಾತ್ರ ಒಂದೇ ಸಮ ಓಡುತ್ತಿದ್ದವು. ರೇಣುಕವ್ವ ಅವತ್ತಿನ ತನ್ನ ಪಾಲಿನ ತೊಟ್ಟು ಮುಗಿಸಿ, ನಮ್ಮನ್ನು ಮನೆಯ ಹಿತ್ತಲಿಗೆ ಕರೆದೊಯ್ದು, ಎರಡೂ ಅಂಗೈಗಳನ್ನು ನನ್ನ ಮುಂದೆ ಹಿಡಿದಳು.

"ಈ ಕೈ ನೋಡ್ರಿ ಅಕ್ಕಾರ. ಮೂರು ದಿನಾ ತೊಳದ್ರೂ ಕೆಂಪು ಹೋಗಂಗಿಲ್ಲ. ಕಾಣಲಿಲ್ಲ ಅಂತ ಈ ಬಣ್ಣಕ್ಕ ಹೇಳಲಿ, ನೋಡೂಣು."

ಒಲೆಯ ಪಕ್ಕದಲ್ಲಿ ಒಂದು ಪಾತ್ರೆ ಇತ್ತು. ಒಣ ಮೆಣಸಿನಕಾಯಿಯ ಬೀಜ ತೆಗೆದು, ಒಳಗಿನ ನಾರು ಕೆರೆದು, ಬರೀ ಸಿಪ್ಪೆಯನ್ನು ಬಿಸಿನೀರಿನಲ್ಲಿ ನೆನೆಸಿ, ನುಣ್ಣಗೆ ರುಬ್ಬಿ ಎಣ್ಣೆಯಲ್ಲಿ ಕಲಸಿದ್ದಳು. ಕೋಲಿನ ತುದಿಯ ಬಟ್ಟೆಯನ್ನು ಅದರಲ್ಲಿ ಅದ್ದುವುದು, ಗಂಡಸರು ಬಿಳಿ ಬನಿಯನ್ ಹಾಕುವುದು, ಇದು ಅವಳ ಲೆಕ್ಕ. ನಾನು ಬೇಡವೇ ಬೇಡ ಎಂದೆ. ಮೈ ಉರಿದು ಯಾರಿಗಾದರೂ ಏನಾದರೂ ಆದರೆ ಎಂದೆ. ಬ್ಯಾಡಗಿ ಕಾಯಿಯಲ್ಲಿ ಖಾರಕ್ಕಿಂತ ಬಣ್ಣವೇ ಹೆಚ್ಚು, ಬೀಜ ಮತ್ತು ನಾರು ಹೋದ ಮೇಲೆ ಉಳಿಯುವುದು ಬಣ್ಣವೇ ಎಂದು ಅವಳು ಸಮಾಧಾನದಿಂದ ತಿಳಿಸಿದಳು. ನಂಬಿಕೆ ಬರಲೆಂದು ತನ್ನ ಮುಂಗೈಗೂ ನನ್ನ ಮುಂಗೈಗೂ ಸವರಿದಳು. ಚಹಾ ಕುಡಿದು ಮುಗಿಸುವವರೆಗೆ ಕಾದೆವು. ಸ್ವಲ್ಪ ಬೆಚ್ಚಗಾಯಿತು, ಅಷ್ಟೇ. ಬಣ್ಣ ಮಾತ್ರ ಸೋಪಿಗೂ ಜಗ್ಗಲಿಲ್ಲ.

ಆಮೇಲೆ ಹಿತ್ತಲಿನಲ್ಲೇ ಒಂದು ಕೈ ಆಡಿ ನೋಡೋಣ ಎಂದಳು. ನಾನು ಬಿಳಿಯ ಕುರ್ತಾ ಹಾಕಿದ್ದೆ. ಎರಡು ಏಟು ತಡೆದೆ. ಮೂರನೆಯದು ನಿನ್ನೆಯ ಹಾಗೆಯೇ ಕೆಳಗಿಂದ ಬಂದು ತೊಡೆಯನ್ನು ಸವರಿತು. ತಾಗಲಿಲ್ಲ ಎನ್ನಲು ಬಾಯಿ ತೆರೆದವಳು ಕೆಳಗೆ ನೋಡಿದೆ. ಕುರ್ತಾದ ಅಂಚಿನ ಮೇಲೆ ಅಂಗೈ ಅಗಲದ ಕೆಂಪು ಗೆರೆ. ರೇಣುಕವ್ವ ನಗಲಿಲ್ಲ, ಕಾಯುತ್ತ ನಿಂತಳು. ಮುಖ ಎಲ್ಲಿಡಲಿ ಎನ್ನಿಸಿತು. ನಿನ್ನೆ ಮೈದಾನದ ನಡುವೆ ನಿಂತು ಗಂಡಸರಿಗೆ ಪಾಠ ಹೇಳಿದ ಬಾಯಿ ಇದೇ. ಎಲ್ಲೋ ಒಳಗೆ, ತೊಟ್ಟು ಬಿಡಿಸುವ ಹೆಂಗಸು ಈ ಟೀಚರನ್ನು ಮುಟ್ಟಲಾರಳು ಎಂದು ನಾನೂ ಅಂದುಕೊಂಡಿದ್ದೆ. ಮಂಡಿ ನೋವಿನ ಕಾಲನ್ನು ಮಡಚಿ, ಒಂದು ಕೈ ಊರಿ, ಒಣಗಿದ ತೊಟ್ಟುಗಳ ಮೇಲೆ ಮೆಲ್ಲಗೆ ಬಿದ್ದೆ. ನಿನ್ನೆಯದಕ್ಕೂ ಸೇರಿಸಿ ಬಿದ್ದೆ ಎಂದು ಮಲಗಿಕೊಂಡೇ ಹೇಳಿದೆ. ಆಗ ಅವಳು ಕೈ ಕೊಟ್ಟು ಎಬ್ಬಿಸಿದಳು. ಕಾಗಿನೆಲೆಗೆ ಹೋಗಿಬರೋಣ, ಹತ್ತಿರವೇ ಎಂದು ಹಸೀನಾ ಆಸೆ ಹುಟ್ಟಿಸಿದಳು. ನನಗೆ ಅದಕ್ಕಿಂತ ಅವಸರದ ಊರು ಇನ್ನೊಂದಿತ್ತು.

ಬ್ಯಾಡಗಿಯಿಂದ ಹಾವೇರಿ, ಹಾವೇರಿಯಿಂದ ಕರ್ಜಗಿ. ಬಿಳಿ ಬನಿಯನ್ನಿಗೆ ಫಕ್ಕೀರಪ್ಪ ಒಪ್ಪಬೇಕಿತ್ತು, ಅವನು ಒಪ್ಪಿದರೆ ಉಳಿದವರೂ ಒಪ್ಪುತ್ತಾರೆ. ಕರ್ಜಗಿಯಲ್ಲಿ ನಾವು ಇಳಿದಾಗ ನಾಲ್ಕು ಗಂಟೆ. ಫಕ್ಕೀರಪ್ಪ ಆಗಷ್ಟೇ ಹೊಲದಿಂದ ಬಂದಿದ್ದ. ಬರ್ರಿ, ಕುಂದರ್ರಿ ಎಂದು ಕಟ್ಟೆಯ ಮೇಲೆ ಚಾಪೆ ಹಾಸಿದ. ಮಂಡಕ್ಕಿ, ಮಿರ್ಚಿ ಬಂತು. ಜಗಳಕ್ಕೆ ಹೋದವರಿಗೆ ಇಷ್ಟು ಉಪಚಾರ ಮಾಡುವ ಊರನ್ನು ನಾನು ಕಂಡಿಲ್ಲ, ಜಗಳ ಆಡುವುದು ಕಷ್ಟವಾಯಿತು.

ಹಸೀನಾ ಬಣ್ಣದ ವಿಷಯವನ್ನು ಒಂದೂ ಬಿಡದೆ ಹೇಳಿದಳು. ಎರಡೂ ಪಕ್ಷದ ಕೋಲಿಗೂ ಬಣ್ಣ, ಎಲ್ಲರಿಗೂ ಒಂದೇ ನಿಯಮ. ಅವನು ಬಹಳ ಹೊತ್ತು ಮಂಡಕ್ಕಿ ತಿಂದ. ಉಸ್ತಾದರು ಇದಕ್ಕೆ ಏನೆಂದರು ಎಂದು ಕೇಳಿದ. ಅವರಿಗೆ ಇನ್ನೂ ಹೇಳಿಲ್ಲ ಎಂದಳು. ಅವನು ಕೈ ಒರೆಸಿಕೊಂಡ.

"ಆಗ್ಲಿ. ತಾಗಿದ್ರ ಬೀಳಬೇಕು. ತಾಗದಿದ್ರ ಯಾರೂ ಬೀಳಬಾರದು. ಎರಡಕ್ಕೂ ಒಪ್ಪತೀರೇನು?"

ಒಪ್ಪಿದೆ ಎಂದಳು ಹಸೀನಾ. ತನ್ನನ್ನು ಯಾವ ಹೆಂಗಸೂ ಮುಟ್ಟಲಾರಳು ಎಂಬ ಧೈರ್ಯದಲ್ಲಿ ಅವನು ಒಪ್ಪಿದ ಎಂದು ನನಗೆ ಅನಿಸಿತು. ಅವನ ಹೆಂಡತಿ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಹಳೆಯ ಬನಿಯನ್ನುಗಳೆಲ್ಲ ಹಳದಿಗಟ್ಟಿವೆ, ಅದರ ಮೇಲೆ ಏಟು ಸರಿಯಾಗಿ ಕಾಣುವುದಿಲ್ಲ ಎಂದಳು. ನಾಳೆಗೆ ಹೊಸದೊಂದು ತರಿಸುತ್ತೇನೆ ಎಂದು ನಮಗೆ ಮಾತ್ರ ಕಾಣುವಂತೆ ಹುಬ್ಬು ಹಾರಿಸಿದಳು. ಮೇಷ್ಟ್ರಿಗೆ ಫಕ್ಕೀರಪ್ಪನೇ ಫೋನು ಮಾಡಿ, ಹೆಣ್ಣುಮಕ್ಕಳೇ ಆಡಲಿ ಎಂದ. ಅವನ ಮಾತನ್ನು ಮೇಷ್ಟ್ರು ಒಂದೇ ಸಲಕ್ಕೆ ಕೇಳಿದರು. ಶುಕ್ರವಾರ ನಾನು ಅಷ್ಟು ಹೇಳಿದರೂ ಕೇಳಿರಲಿಲ್ಲ ಎಂಬುದನ್ನು ಮರೆತಿಲ್ಲ.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಹಲಗೇರಿಯ ಬಯಲು. ಕಟಾವು ಮುಗಿದ ಹೊಲಗಳ ನಡುವೆ ಎದೆಯೆತ್ತರದ ಕಪ್ಪು ಕಲ್ಲು. ಕೆಳಗಿನ ಪಟ್ಟಿಯಲ್ಲಿ ದನಗಳು ಮತ್ತು ಕಾಳಗ, ನಡುವೆ ವೀರನನ್ನು ತೋಳು ಹಿಡಿದು ಒಯ್ಯುವ ದೇವಕನ್ಯೆಯರು, ಮೇಲೆ ಲಿಂಗದ ಮುಂದೆ ಕುಳಿತ ವೀರ, ಸೂರ್ಯ ಚಂದ್ರ. ಎಣ್ಣೆ ಸವರಿ ಸವರಿ ಮುಖಗಳೆಲ್ಲ ನುಣುಪಾಗಿವೆ. ಟ್ರ್ಯಾಕ್ಟರುಗಳಲ್ಲಿ, ಬೈಕುಗಳಲ್ಲಿ ಜನ ಬಂದು ಸೇರಿದರು. ಹೆಂಗಸರು ಹೊಡೆದಾಡುತ್ತಾರಂತೆ ಎಂಬ ಸುದ್ದಿ ನಮಗಿಂತ ಮೊದಲೇ ಬಂದಿತ್ತು. ನಗಲಿಕ್ಕೆಂದೇ ಬಂದವರು ಮುಂದಿನ ಸಾಲಿನಲ್ಲೇ ಕುಳಿತಿದ್ದರು.

ಉಸ್ತಾದರು ಚಕ್ಕಡಿ ಹತ್ತುವ ಮೊದಲು ಕೋಲಿನ ತುದಿಯ ಕೆಂಪನ್ನು ನೋಡಿದರು. ಬೆರಳಿಂದ ಮುಟ್ಟಿದರು, ಮೂಸಿದರು. ಮಗಳ ಮುಖ ನೋಡಿದರು. ಮೇಲೆ ಹತ್ತಿ ಕುಳಿತರು.

ಆರು ದನಗಳನ್ನು ಹನ್ನೆರಡು ಗಂಡಸರು ಹೊಡೆದುಕೊಂಡು ಬಂದರು, ತಿಳಿ ಬಣ್ಣದ ಬಟ್ಟೆಯ ಎಂಟು ಹೆಂಗಸರು ಅಡ್ಡ ನಿಂತರು. ನನ್ನನ್ನು ಗೆರೆಯ ಆಚೆ ನಿಲ್ಲಿಸಿದ್ದರು, ಕಾಲು ಸುಮ್ಮನಿರಲಿಲ್ಲ. ಮೊದಲು ಬಿದ್ದದ್ದು ರೇಣುಕವ್ವ. ಭುಜದ ಮೇಲೆ ಕೆಂಪು ಕಂಡ ಕೂಡಲೆ, ಹೊಡೆದವನನ್ನು ಬೈಯುತ್ತಲೇ ನೆಲಕ್ಕೆ ಕುಳಿತು ಮಲಗಿದಳು. ಜನ ನಕ್ಕರು. ಮರುಗಳಿಗೆ ಒಬ್ಬ ಗಂಡಸಿನ ಹೊಟ್ಟೆಯ ಮೇಲೆ ಕೆಂಪು ಮೂಡಿತು. ಅವನು ರೂಢಿಯಂತೆ ಕೊಡವಿಕೊಂಡ. ಕೆಂಪು ಹೋಗಲಿಲ್ಲ. ಮುಂದಿನ ಸಾಲಿನವರೇ, ತಾಗೇತಲೋ, ಬೀಳು ಎಂದು ಕೂಗಿದರು. ಬಿದ್ದ. ಆಮೇಲೆ ಒಬ್ಬರ ಹಿಂದೆ ಒಬ್ಬರು ಬಿದ್ದರು. ಬಿಳಿ ಬನಿಯನ್ನುಗಳು ನೆಲದ ತುಂಬ ಮಲಗಿದವು, ಅವುಗಳ ನಡುವೆ ನಮ್ಮವರೂ ಏಳು ಮಂದಿ. ಉಸ್ತಾದರಿಗೆ ಒಂದು ಸಲವೂ ಬಾಯಿ ಬಿಡಬೇಕಾಗಿ ಬರಲಿಲ್ಲ.

ಕೊನೆಗೆ ನಿಂತವರು ಇಬ್ಬರು. ಹಸೀನಾ ದನಗಳಿಗೆ ಬೆನ್ನು ಕೊಟ್ಟು ನಿಂತಿದ್ದಳು, ಎದುರಿಗೆ ಹೊಸ ಬನಿಯನ್ನಿನ ಫಕ್ಕೀರಪ್ಪ. ಇಲ್ಲಿ ವೀರನನ್ನು ನಾಯಕ ಹೊಡೆಯಬೇಕು, ವೀರ ಬೀಳಬೇಕು, ನಾಯಕ ದನ ಬಿಟ್ಟು ಓಡಬೇಕು. ಪ್ರತಿ ವರ್ಷ ಇದು ಮೊದಲೇ ಮಾತಾಡಿಕೊಂಡ ಏಟು. ಈ ವರ್ಷ ಇಬ್ಬರೂ ಅದರ ಮಾತೆತ್ತಿರಲಿಲ್ಲ. ಅವನ ಮೊದಲ ಏಟನ್ನು ಅವಳು ಪಕ್ಕಕ್ಕೆ ತಳ್ಳಿದಳು. ಎರಡನೆಯದಕ್ಕೆ ಹಿಂದೆ ಸರಿದಳು. ಮೂರನೆಯದು ತಲೆಯ ಮೇಲಿಂದ ಬಂತು, ಅದರ ಅಡಿಯಲ್ಲೇ ನುಗ್ಗಿ, ಎದೆಯ ಎಡಕ್ಕೆ ಕೋಲಿನ ತುದಿಯನ್ನು ಒತ್ತಿ ತೆಗೆದಳು. ಹಿತ್ತಲಿನಲ್ಲಿ ಕಲಿತ ವರಸೆ ಅದು.

ಫಕ್ಕೀರಪ್ಪ ತನ್ನ ಎದೆ ನೋಡಿಕೊಂಡ. ಆಮೇಲೆ ಚಕ್ಕಡಿಯ ಕಡೆ ನೋಡಿದ. ಉಸ್ತಾದರು ಎರಡೂ ಕೈಯಿಂದ ಚಕ್ಕಡಿಯ ಗೂಟ ಹಿಡಿದು ಎದ್ದು ನಿಂತರು.

"ತಾಗೇತಿ," ಎಂದರು. ಮೊದಲ ಸಲ ನಮಗಷ್ಟೇ ಕೇಳುವ ಹಾಗೆ. ಇನ್ನೊಂದು ಸಲ ಊರಿಗೆಲ್ಲ ಕೇಳುವ ಹಾಗೆ.

ಫಕ್ಕೀರಪ್ಪ ಬಿದ್ದ. ಅರ್ಧಂಬರ್ಧ ಅಲ್ಲ, ಗರಡಿಯಲ್ಲಿ ಕಲಿತವನು ಬೀಳುವಂತೆ ಪೂರಾ ಬೆನ್ನ ಮೇಲೆ ಬಿದ್ದ. ಜನ ಎದ್ದು ಚಪ್ಪಾಳೆ ಹೊಡೆದರು. ನಾನು ಅತ್ತೆ, ಅದನ್ನೇಕೆ ಮುಚ್ಚಿಡಲಿ.

ಮೇಷ್ಟ್ರಿಗೆ ಮಾತ್ರ ಎದೆ ಒಡೆದುಹೋಯಿತು. ವೀರ ಸಾಯದೆ ವೀರಗಲ್ಲಿನ ಕಥೆ ಮುಗಿಯುವುದು ಹೇಗೆ? ಮೈಕಿನಲ್ಲಿ, ಈಗ ವೀರ ಬೀಳುತ್ತಾನೆ ಎಂದು ಎರಡು ಸಲ ಹೇಳಿ ನೋಡಿದರು. ಹಸೀನಾ ನಿಂತೇ ಇದ್ದಳು. ಈ ಸಲ ದೇವಕನ್ಯೆಯರಾಗಿ ಮಾಲೆ ಹಿಡಿದು ನಿಂತಿದ್ದ ಇಬ್ಬರು ಹುಡುಗಿಯರು ಏನು ಮಾಡಬೇಕೆಂದು ತಿಳಿಯದೆ ಮುಖ ಮುಖ ನೋಡಿದರು. ಮೇಷ್ಟ್ರು ಓಡಿಬಂದು ಅವಳನ್ನು ಬೇಡಿಕೊಂಡರು, ಸುಮ್ಮನೆ ಒಂದು ಸಲ ಮಲಗಿಬಿಡು ಎಂದರು. ಬಿದ್ದಲ್ಲಿಂದಲೇ ಫಕ್ಕೀರಪ್ಪ, ತಾಗದಿದ್ದರೆ ಬೀಳಬಾರದು ಎಂದು ಮಾತಾಗಿದೆ ಎಂದ. ಮೇಷ್ಟ್ರು ಚಕ್ಕಡಿಯ ಕಡೆ ತಿರುಗಿ ಕೈ ಮುಗಿದರು.

"ಕಲ್ಲಿನ ಕಥಿ ಕೆಡತೈತ್ರಿ ಉಸ್ತಾದರ. ಬೀಳು ಅಂತ ನೀವರ ಹೇಳ್ರಿ."

ಉಸ್ತಾದರು ಕೆಳಗಿಳಿದು ಬಂದರು. ಮಗಳ ಸುತ್ತ ಒಂದು ಸುತ್ತು ಬಂದು ಅವಳ ಬಟ್ಟೆಯನ್ನು ಎದೆ, ಬೆನ್ನು, ತೋಳು ಎಂದು ನೋಡಿದರು, ಸೂಜಿಗೆ ದಾರ ಪೋಣಿಸುವಷ್ಟು ಹತ್ತಿರದಿಂದ. ಎಲ್ಲೂ ಕೆಂಪಿರಲಿಲ್ಲ.

"ಸತ್ತಾಂವ ಅಲ್ಲಿ ಕಲ್ಲಿನಾಗ ಅದಾನ. ಮಾಲಿ ಅವಗ ಹಾಕ್ರಿ," ಎಂದರು. "ನನ್ನ ಮಗಳಿಗೆ ತಾಗಿಲ್ಲ."

ಆಟದಲ್ಲಿ ಸತ್ತು ಮಲಗಿದ್ದ ರೇಣುಕವ್ವ ಎದ್ದು, ಮಣ್ಣು ಕೊಡವಿಕೊಂಡು, ಮಾಲೆಯನ್ನು ತೆಗೆದುಕೊಂಡು ಹೋಗಿ ಕಲ್ಲಿಗೆ ಹಾಕಿದಳು.

ಮಧ್ಯಾಹ್ನ ರಾಣೆಬೆನ್ನೂರಿನಲ್ಲಿ ರೈಲು ಹತ್ತಿದೆ. ಕೋಲುಗಳನ್ನು ಅಲ್ಲೇ ಬಿಟ್ಟಿದ್ದೆ, ಅವರಿಗೆ ಬೇಕಾಗುತ್ತವೆ. ಪ್ಲಾಟ್‌ಫಾರ್ಮಿನಲ್ಲಿ ಹಸೀನಾ, ಅವಳ ಪಕ್ಕದಲ್ಲಿ ಉಸ್ತಾದರು. ಗಾಡಿ ಹೊರಡುವಾಗ ಯಾರೋ ಪರಿಚಯದವರು ಎದುರಾದರು. ಉಸ್ತಾದರು ಅವರಿಗೆ ಮಗಳನ್ನು ಕೈ ಮಾಡಿ ತೋರಿಸಿ ಏನೋ ಹೇಳುತ್ತಿದ್ದರು. ಅದೇನೆಂದು ಕೇಳಿಸಲಿಲ್ಲ, ಕೇಳಬೇಕಾಗಿಯೂ ಇರಲಿಲ್ಲ.

ನಾನು ಶನಿವಾರದ ಕುರ್ತಾವನ್ನೇ ಹಾಕಿಕೊಂಡಿದ್ದೆ. ಹರಿಹರ ದಾಟಿದ ಮೇಲೆ ಪಕ್ಕದ ಸೀಟಿನ ಹೆಂಗಸು ಅದರ ಅಂಚನ್ನು ನೋಡಿ, ಇದೇನು ಕಲೆ, ಹೋಗುವುದಿಲ್ಲವೇ ಎಂದು ಕೇಳಿದಳು. ಬ್ಯಾಡಗಿಯ ಒಬ್ಬ ಹೆಂಗಸು ಹೊಡೆದಳು, ಅದರ ಗುರುತು ಎಂದೆ. ಅವಳು ಗಾಬರಿಯಾದಳು. ಆಮೇಲೆ ನೀವೇನು ಮಾಡಿದಿರಿ ಎಂದಳು.

ಬಿದ್ದೆ ಎಂದೆ.